ಸೀರೆ ಹೊದ್ದ ಇನ್ನಾಸಣ್ಣ

ಹುರಿ ಮಾಡಿದ ಮೀಸೆ, ಕೊರಳಲ್ಲಿ ಕಪ್ಪು ದಾರದ ಶಿಲುಬೆ, ಹೆಗಲ ಮೇಲೆ ಗಿಣಿಹಸಿರು ರೇಷ್ಮೆ ಸೀರೆ. ನಮ್ಮ ಇನ್ನಾಸಣ್ಣನನ್ನು ಮೊದಲ ಸಲ ನೋಡಿ ನಗದವರಿಲ್ಲ. ಅವರಿಗೂ ಅದೇ ಬೇಕಿತ್ತು. “ನಗಲಿ ಬಿಡು ತಂಗಿ, ನಕ್ಕೋರು ಎದ್ದು ಹೋಗಲ್ಲ” ಎನ್ನುತ್ತಿದ್ದರು.

ಮಂಡಿಪೇಟೆಯ ಸೀರೆ ಅಂಗಡಿಯಲ್ಲಿ ನಾನು ಬಿಲ್ಲು ಹಾಕುವವಳು, ಅವರು ಸೀರೆ ತೋರಿಸುವವರು. ದಿನಾ ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಂದ ಹೊಸದರಲ್ಲಿ ಅವರ ಮುಖ ನೋಡಬೇಕಿತ್ತು! ಅರ್ಧ ಆಯುಷ್ಯ ವರ್ಕ್‌ಶಾಪಿನಲ್ಲಿ ಲೇತ್ ಮಿಷನ್ ಮುಂದೆ ನಿಂತವರು. ಅದು ಮುಚ್ಚಿದ್ದಕ್ಕೆ ಇಲ್ಲಿಗೆ ಬಂದಿದ್ದರು. ಕಬ್ಬಿಣ ಹಿಡಿದ ಕೈಗೆ ಜಾರ್ಜೆಟ್ ಎಲ್ಲಿ ನಿಲ್ಲಬೇಕು? ಜಾರಿದಾಗಲೆಲ್ಲ ಸೀರೆಯನ್ನೇ ದುರುಗುಟ್ಟಿ ನೋಡುತ್ತಿದ್ದರು. ಹೇಗೋ ಮಡಚುವುದನ್ನು ಕಲಿತರು. ಸೆರಗನ್ನು ಹೆಗಲಿಗೆ ಹಾಕಿ ತೋರಿಸಿ ಎಂದರೆ ಮಾತ್ರ ಜಪ್ಪಯ್ಯ ಎಂದರೂ ಒಪ್ಪುತ್ತಿರಲಿಲ್ಲ.

“ನಾನು ಲೇತ್ ನಡೆಸೋ ಟರ್ನರ್ ರೀ. ಹೆಣ್ಮಕ್ಕಳ ಸೀರೆ ಹೊದ್ಕಂಡು ನಿಲ್ಲೋಕೆ ಬಂದಿಲ್ಲ.”

ಅಂಗಡಿಯ ಸಾವ್ಕಾರ್ರು ಎಷ್ಟು ದಿನ ತಡೆದಾರು? “ಇನ್ನಾಸಪ್ಪಾರೆ, ನಿಮ್ಮ ಈಸ್ಟರ್ ಹಬ್ಬ ಮುಗಿಸ್ಕೊಂಡು ಬರ್ರಿ. ಆಮ್ಯಾಲೂ ಆಗಲ್ಲ ಅಂದ್ರೆ ಬ್ಯಾರೆ ಕಡೆ ನೋಡ್ಕಳ್ರಿ” ಎಂದರು. ಮಗಳು ನರ್ಸಿಂಗ್ ಓದುತ್ತಿದ್ದಳು, ದುಡಿಯುವವರು ಇವರೊಬ್ಬರೇ. ಕೆಲಸ ಹೋದರೆ ಅವಳ ಓದೂ ಹೋಯಿತು. ಪುಣ್ಯಾತ್ಮ ಬಸ್ಸು ಹತ್ತಿದರು. ಇನ್ನು ಬರುವುದಿಲ್ಲ ಎಂದೇ ನಾನು ಅಂದುಕೊಂಡೆ.

ಸೋಮವಾರ ಬಂದರು. ಮೊದಲ ಗಿರಾಕಿ ಕೂರುವುದೇ ತಡ, ಕೆಂಪು ಸೀರೆಯೊಂದನ್ನು ಹೆಗಲಿಗೆಳೆದುಕೊಂಡು ಒಂದು ಸುತ್ತು ತಿರುಗಿದರು! ನಾನು ಬಿಲ್ಲು ಪುಸ್ತಕ ತೆರೆಯುವುದನ್ನೇ ಮರೆತೆ. ಚಹಾ ಕುಡಿಯುವಾಗ ಏನಾಯಿತೆಂದು ಕೇಳಿದೆ.

“ಈಸ್ಟರ್ ಹಿಂದಿನ ಗುರುವಾರ ಚರ್ಚಲ್ಲಿ ಹನ್ನೆರಡು ಜನರ ಕಾಲು ತೊಳೀತಾರೆ ತಂಗಿ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ. ಈ ಸಲ ನನ್ನೂ ಕೂರ್ಸಿದ್ರು. ಫಾದರ್ ಸೊಂಟಕ್ಕೆ ಟವೆಲ್ ಸುತ್ಕಂಡು, ಮೊಣಕಾಲೂರಿ, ನನ್ನ ಒಡಕು ಹಿಮ್ಮಡಿ ತೊಳೆದು ಮುತ್ತು ಕೊಟ್ರು. ನಾಚಿಕೆಯಾಗಿ ಕಾಲು ಎಳ್ಕಂಡೆ, ಬಿಡ್ಲಿಲ್ಲ. ಆ ಯೇಸುಸ್ವಾಮೀನೇ ಟವೆಲ್ ಸುತ್ಕಂಡಿದ್ದ. ನನ್ನ ಹೆಗಲಿಗೆ ಒಂದು ಸೀರೆ ಭಾರ ಆಗ್ತೈತಾ?”

ಆವತ್ತಿನಿಂದ ಅವರನ್ನು ಹಿಡಿಯುವವರೇ ಇಲ್ಲ. ಒಮ್ಮೆ ಕೊಕ್ಕನೂರಿನಿಂದ ಹೆಣ್ಣಿನ ಕಡೆಯವರು ಮದುವೆ ಜವಳಿಗೆ ಬಂದಿದ್ದರು. ಯಾವ ಸೀರೆ ಬಿಚ್ಚಿದರೂ ಸೋದರತ್ತೆಯದು ಒಂದೇ ರಾಗ: “ಇವಳ ಕಪ್ಪಿಗೆ ಇದು ಒಪ್ಪಲ್ಲ.” ಮದುಮಗಳ ಕಣ್ಣು ತುಂಬಿದ್ದವು. ಇನ್ನಾಸಣ್ಣ ಸಾಸಿವೆ ಹಳದಿಯ ಸೀರೆಯನ್ನು ಹೊದ್ದು ಅವಳ ಮುಂದೆ ನಿಂತರು. “ನಂದೂ ನಿನ್ನ ಬಣ್ಣನೇ ಅಲ್ಲೇನವ್ವ? ಈ ಮೀಸೆಗೇ ಇಷ್ಟು ಒಪ್ಪೈತೆ, ನಿನಗೆ ಒಪ್ಪಲ್ವಾ?” ಹುಡುಗಿ ಬಿದ್ದು ಬಿದ್ದು ನಕ್ಕಳು. ಸೋದರತ್ತೆಯೂ ನಕ್ಕಳು. ಆ ಸೀರೆಯೇ ಧಾರೆಗೆ ಹೋಯಿತು.

ಆಮೇಲೊಮ್ಮೆ ಅವರ ಹಳೆಯ ಜೊತೆಗಾರರೊಬ್ಬರು ಇಲ್ಲೇ ಹತ್ತಿರದ ಕರೂರಿನಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿ, ಲೇತ್‌ಗೆ ನೀನೇ ಬೇಕೆಂದು ಅಂಗಡಿಗೇ ಬಂದು ಕರೆದರು. ಇನ್ನಾಸಣ್ಣ ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಹೋದರು, ಮಿಷನ್ ಸವರಿ ನೋಡಿದರು, ಸೋಮವಾರ ಮತ್ತೆ ನಮ್ಮ ಅಂಗಡಿಗೇ ಬಂದರು. ಕಾರಣ ಹೇಳಲಿಲ್ಲ.

ಹೋದ ವರ್ಷ ಎದೆನೋವಿನಿಂದ ಮಲಗಿದಾಗ ದ್ರಾಕ್ಷಿ ಹಿಡಿದುಕೊಂಡು ಹರಿಹರಕ್ಕೆ ಹೋದೆ. ತಡೆಯಲಾರದೆ ಕೇಳಿಯೇಬಿಟ್ಟೆ: “ಅಷ್ಟು ಇಷ್ಟದ ಕೆಲಸ ತಾನಾಗೇ ಬಂದಿತ್ತು. ಯಾಕ ಬಿಟ್ರಿ ಅಣ್ಣ?”

“ಲೇತ್ ಮುಂದೆ ನಾನೊಬ್ನೇ ಖುಷಿಯಾಗಿರ್ತಿದ್ದೆ ತಂಗಿ” ಎಂದರು.

ಮುಂದಿನ ವಾರ ಹೋಗಿಬಿಟ್ಟರು. ಮದುವೆ ಸೀಸನ್ನಿನಲ್ಲೇ ಸಾವ್ಕಾರ್ರು ಅಂಗಡಿಗೆ ಬೀಗ ಹಾಕಿಸಿ, ನಮ್ಮನ್ನೆಲ್ಲ ಹರಿಹರಕ್ಕೆ ಕರೆದೊಯ್ದರು. ಹಣೆ ತುಂಬ ವಿಭೂತಿ ಇಟ್ಟುಕೊಂಡೇ ಚರ್ಚಿನ ಮುಂದಿನ ಬೆಂಚಿನಲ್ಲಿ ಕುಳಿತು, ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತರು.