ಹಬ್ಬದ ಹೊಟ್ಟೆನೋವು

ಬನಹಟ್ಟಿಯ ನೇಕಾರ ಗಿರಮಲ್ಲಪ್ಪನ ಹೆಂಡತಿ ಅನಸವ್ವನಿಗೆ ಹೊಟ್ಟೆನೋವು ಬರುತ್ತಿದ್ದುದು ಹಬ್ಬದ ದಿನಗಳಲ್ಲೇ. ರೊಟ್ಟಿ, ಖಾರ ತಿಂದ ದಿನ ಬೆಳಗಿನಿಂದ ಸಂಜೆಯವರೆಗೂ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಹೋಳಿಗೆಗೆ ತುಪ್ಪ ಹಾಕಿಕೊಂಡು ಉಂಡ ದಿನ ಮಾತ್ರ ಬಲಪಕ್ಕೆಯ ಕೆಳಗೆ ಹಿಡಿದುಕೊಂಡು ನೋವು ಬೆನ್ನಿಗೇರುತ್ತಿತ್ತು.

“ಭಾಂಡೆ ತಿಕ್ಕೂ ಹೊತ್ತಿಗೇ ಇಕಿಗೆ ಬ್ಯಾನಿ ಬರ್ತದ ನೋಡ್ರಿ,” ಎಂದು ಅತ್ತೆ ಹಾಲವ್ವ ಓಣಿಯ ಹೆಂಗಸರ ಮುಂದೆ ಆಡಿಕೊಳ್ಳುತ್ತಿದ್ದಳು. ಒಂದು ನಾಗರಪಂಚಮಿಗೆ ತುಪ್ಪದ ಉಂಡಿ ತಿಂದ ಅನಸವ್ವ ವಾಂತಿ ಮಾಡಿಕೊಂಡು ನೆಲದ ಮೇಲೆ ಹೊರಳಾಡಿದಾಗ, ಹಾಲವ್ವ ಬಳೆಚೂರು ಕಾಯಿಸಿ ಹೊಟ್ಟೆಗೆ ಬರೆ ಎಳೆದಳು. ಅಲುಗದಂತೆ ಕೈ ಹಿಡಿದುಕೊಂಡವನು ಗಂಡ.

ಸಂಸ್ಥಾನಗಳು ಮುಂಬೈ ರಾಜ್ಯಕ್ಕೆ ಸೇರಿ ಕೆಲವು ವರ್ಷ ಕಳೆದಿದ್ದವು. ಆ ದೀಪಾವಳಿಗೆ ಹಾಲವ್ವನಿಗೂ ಅದೇ ನೋವು ಬಂತು. ಗಿರಮಲ್ಲಪ್ಪ ಮಗ್ಗ ನಿಲ್ಲಿಸಿ, ಮರುದಿನವೇ ಕುಡಚಿಯಲ್ಲಿ ರೈಲು ಹತ್ತಿಸಿ ತಾಯಿಯನ್ನು ಮಿರಜಿಗೆ ಕರೆದೊಯ್ದ. ಅಡುಗೆ ಮಾಡಿಹಾಕಲು ಅನಸವ್ವನೂ ಪುಟ್ಟ ಮಗಳನ್ನು ಎತ್ತಿಕೊಂಡು ಹೋದಳು.

ದವಾಖಾನೆಯಲ್ಲಿ ಹಾಲವ್ವನಿಗೆ ಗುಳಿಗೆ ನುಂಗಿಸಿ ಎಕ್ಸ್‌ರೇ ತೆಗೆದರು. ಆಮೇಲೆ ಬೆಣ್ಣೆ ತಿನ್ನಿಸಿ ಮತ್ತೊಂದು ತೆಗೆದರು. ಡಾಕ್ಟರು ಎರಡನ್ನೂ ಬೆಳಕಿಗೆ ಹಿಡಿದರು.

“ಇದು ಪಿತ್ತದ ಚೀಲರಿ. ಜಿಡ್ಡು ಕರುಳಿಗೆ ಇಳಿದ ಕೂಡ್ಲೆ ಕರುಳು ರಕ್ತದಾಗ ಒಂದು ರಸ ಬಿಡ್ತದ. ಅದು ಬಂದು ಮುಟ್ಟಿದ್ರ ಚೀಲ ಹಿಂಡಿಕೊಂಡು ಪಿತ್ತ ಹೊರಗ ಹಾಕಬೇಕು. ಇವರದು ಬೆಣ್ಣಿ ತಿಂದ್ರೂ ಸರಿಯಾಗಿ ಹಿಂಡಿಲ್ಲ. ಒಳಗಿನ ಈ ಕಪ್ಪು ಚುಕ್ಕಿ ಎಲ್ಲಾ ಕಲ್ಲು. ಹಿಂಡಾಕ ಹೋದಾಗ ಕಲ್ಲು ಚೀಲದ ಬಾಯಿಗೆ ಬಂದು ಸಿಗಬೀಳ್ತದ. ಅದಕ್ಕ ತುಪ್ಪ ಉಂಡಾಗ ಬ್ಯಾನಿ.”

ಬಾಗಿಲಲ್ಲಿ ನಿಂತಿದ್ದ ಅನಸವ್ವ ಒಳಗೆ ಬಂದಳು. “ನನಗೂ ಹಿಂಗ ಆಗ್ತದರಿ. ಭಾಳ ವರ್ಷಾತು.”

“ಮತ್ತ ಮನ್ಯಾಗ ಯಾಕ ಹೇಳಲಿಲ್ಲವಾ?”

“ಹೇಳಿದ್ದೆರಿ,” ಎಂದು ಅವಳು ಗಂಡನ ಕಡೆ ನೋಡಿದಳು.

ಅವಳಿಗೂ ಎಕ್ಸ್‌ರೇ ತೆಗೆಯೋಣ ಎಂದರು ಡಾಕ್ಟರು. “ಮದಲ ಅವ್ವಂದು ಮುಗೀಲಿರಿ. ಇಬ್ಬರೂ ಮಲಗಿದ್ರ ನೋಡೋರ್ಯಾರು?” ಎಂದ ಗಿರಮಲ್ಲಪ್ಪ.

ಹಾಲವ್ವನ ಹೊಟ್ಟೆ ಕೊಯ್ದು ಚೀಲ ತೆಗೆದರು. ಅನಸವ್ವ ಅತ್ತೆಯ ಮೈ ಒರೆಸಿದಳು, ಗಂಜಿ ಕುಡಿಸಿದಳು. ಊರಿಗೆ ಬಂದ ಮೇಲೆ ಹಾಲವ್ವ ಕಲ್ಲುಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸಿದಳು. “ಇಷ್ಟು ಹೊಟ್ಟ್ಯಾಗ ಇಟಗೊಂಡು ದುಡದೇನವಾ!” ಅನಸವ್ವನನ್ನು ಮಿರಜಿಗೆ ಕರೆದೊಯ್ಯುವ ಮಾತು ಮಾತ್ರ ಮದುವೆ ಸೀರೆಗಳ ಹಂಗಾಮು ಮುಗಿಯಲಿ ಎಂದು ಮುಂದೆ ಮುಂದೆ ಹೋಯಿತು.

ಯುಗಾದಿ ಕಳೆಯುತ್ತಲೇ ಅವಳ ಕಣ್ಣು ಹಳದಿಯಾದವು. ಚಳಿಜ್ವರದಲ್ಲಿ ನಡುಗುತ್ತಿದ್ದವಳನ್ನು ತವರೂರು ಚಿಮ್ಮಡದಿಂದ ಓಡಿಬಂದ ತಮ್ಮ ನೀಲಕಂಠ ಮಿರಜಿಗೆ ಒಯ್ದ. ಕಲ್ಲು ಪಿತ್ತದ ನಾಳದಲ್ಲಿ ಸಿಕ್ಕಿ ಒಳಗೆಲ್ಲ ಕೀವಾಗಿತ್ತು. ಕೊಯ್ದರೂ ಅವಳು ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಹಾಲವ್ವ ಓಣಿಯವರ ನಡುವೆ ಕುಳಿತು ಅತ್ತಳು. “ಆಕಿ ಆಯುಷ್ಯ ಅಷ್ಟೇ ಇತ್ತು. ದೇವರ ಮುಂದ ಯಾರದೇನು ನಡೀತದ?”

“ದೇವರನ್ನ ಯಾಕ ನಡುವ ತರ್ತೀರಿ?” ಎಂದ ನೀಲಕಂಠ. ಅವನು ಆ ಮನೆಯ ನೀರೂ ಮುಟ್ಟದೆ, ಅಕ್ಕನ ಮಗಳನ್ನು ಎತ್ತಿಕೊಂಡು ಚಿಮ್ಮಡದ ದಾರಿ ಹಿಡಿದ. ಗಿರಮಲ್ಲಪ್ಪ ಬೇಡ ಎನ್ನಲಿಲ್ಲ. ಸಾವಳಗಿಯಲ್ಲಿ ಒಂದು ಹೆಣ್ಣಿದೆಯೆಂದು ಆಗಲೇ ಯಾರೋ ಅವನ ಕಿವಿಯಲ್ಲಿ ಹಾಕಿದ್ದರು.