ಮಾಹ್‌ಗುಲ್ ಅಂಗಳಕ್ಕೆ ಬಂದು ಕೂತಳು

ಪಂಜ್‌ಶೇರ್ ಕಣಿವೆಯ ಆ ಹಳ್ಳಿಗೆ ಗೆನ್ನಾದಿ ಕೈಯೆತ್ತಿಕೊಂಡು ಇಳಿದು ಬಂದಾಗ ಅವನಿಗೆ ಮೀಸೆ ಕೂಡ ಸರಿಯಾಗಿ ಚಿಗುರಿರಲಿಲ್ಲ. ಅನಾಥಾಲಯದಲ್ಲಿ ಬೆಳೆದವನು, ಸೋವಿಯತ್ ಠಾಣೆಯಲ್ಲಿ ಹಿರಿಯ ಸಿಪಾಯಿಗಳ ಹೊಡೆತ ತಾಳಲಾರದೆ ಓಡಿಬಂದಿದ್ದ. ಊರವರು ಕೊಲ್ಲಲಿಲ್ಲ, ನಂಬಲೂ ಇಲ್ಲ. ಊರಿನ ಹೋರಾಟಗಾರರ ಕಮಾಂಡರ್ ಅಬ್ದುಲ್ ಹೈ ಅವನನ್ನು ವಿಧವೆ ಮಾಹ್‌ಗುಲ್‌ಳ ಹಿಟ್ಟಿನ ಗಿರಣಿಯಲ್ಲಿ ದುಡಿಯಲು ಬಿಟ್ಟ.

ಅವಳ ಒಬ್ಬನೇ ಮಗ ಸೋವಿಯತ್ ಬಾಂಬಿಗೆ ಸತ್ತಿದ್ದ. ಮೊದಮೊದಲು ಅವಳು ಇವನ ಮುಖ ನೋಡದೆ ರೊಟ್ಟಿಯನ್ನು ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದಳು. ಚಳಿಗಾಲದಲ್ಲಿ ಅವನಿಗೆ ಜ್ವರ ಏರಿದಾಗ ಒಳಗೆ ಬಂದು, ಮಗನ ಕಂಬಳಿ ಹೊದಿಸಿದಳು.

ಬೇಸಿಗೆಯಲ್ಲಿ ಹೆಲಿಕಾಪ್ಟರುಗಳು, ಮದ್ದುಗುಂಡು ಬಚ್ಚಿಟ್ಟಿದ್ದ ಕೊಟ್ಟಿಗೆಗೇ ಗುರಿಯಿಟ್ಟು ಹೊಡೆದವು. ಊರಿಗೆ ಊರೇ ಗೆನ್ನಾದಿಯ ಮೇಲೆ ತಿರುಗಿಬಿತ್ತು.

“ಇವ್ನೇ ಗೂಢಚಾರ! ಗಡ್ಡ ಹೆರೆಯೋ ಕನ್ನಡೀಲಿ ಸನ್ನೆ ಮಾಡ್ತಾನೆ!”

“ಇವನ ಮುಖಕ್ಕೆ ಕನ್ನಡಿ ಬೇರೆ ಕೇಡು! ಮೊದ್ಲು ನಾಲ್ಕು ಕೂದ್ಲಾದ್ರೂ ಬರ್ಲಿ,” ಎಂದಳು ಮಾಹ್‌ಗುಲ್. ಯಾರೂ ನಗಲಿಲ್ಲ.

ಅಬ್ದುಲ್ ಹೈ ಅವನನ್ನು ಗಿರಣಿಯ ಅಂಗಳದ ಹಿಪ್ಪುನೇರಳೆ ಮರಕ್ಕೆ ಸರಪಳಿಯಿಂದ ಬಿಗಿಸಿ, ಬೀಗದ ಕೈ ಜೇಬಿಗಿಳಿಸಿದ. “ಅವರ ಕಡೆಯವನಾದ್ರೆ ಇಲ್ಲಿ ಬಾಂಬ್ ಹಾಕಲ್ಲ. ನೋಡೇಬಿಡೋಣ.”

ಮರುದಿನ ಮಧ್ಯಾಹ್ನವೇ ಬೆಟ್ಟದಾಚೆ ಸದ್ದು ಕೇಳಿತು. ಜನ ಮಕ್ಕಳುಮರಿಗಳನ್ನು ಎತ್ತಿಕೊಂಡು ಗುಹೆಗಳತ್ತ ಓಡಿದರು. ಆ ಜನಪ್ರವಾಹಕ್ಕೆ ಎದುರಾಗಿ ಒಬ್ಬಳೇ ಇಳಿದು ಬರುತ್ತಿದ್ದಳು ಮಾಹ್‌ಗುಲ್. ಬಂದವಳೇ ಅವನ ಪಕ್ಕ ಕೂತು, ಇಬ್ಬರ ತಲೆಯ ಮೇಲೂ ತನ್ನ ಚಾದರ ಎಳೆದಳು.

“ಹೋಗಮ್ಮಾ! ನಿನ್ ಕಾಲಿಗೆ ಬೀಳ್ತೀನಿ, ಹೋಗು!” ಗೆನ್ನಾದಿ ಕಿರುಚಿದ. ಹುಟ್ಟಿದಾರಭ್ಯ ಅವನು ಯಾರನ್ನೂ ಅಮ್ಮ ಎಂದು ಕರೆದಿರಲಿಲ್ಲ.

“ಬಾಯ್ಮುಚ್ಚೋ. ನನ್ ಮಗ ಸಾಯೋವಾಗ ಪಕ್ಕದಲ್ಲಿ ಯಾರೂ ಇರ್ಲಿಲ್ಲ.”

ಬಾಂಬು ಗಿರಣಿಯ ಗೋಡೆಯಾಚೆ ಬಿತ್ತು. ಗೋಡೆ ಕುಸಿಯಿತು, ಆಕಾಶ ಕಾಣದಷ್ಟು ಧೂಳೆದ್ದಿತು. ಧೂಳಡಗಿದಾಗ ಅವಳ ಹಣೆಯಿಂದ ರಕ್ತ ಇಳಿಯುತ್ತಿತ್ತು. ಕೈ ಮಾತ್ರ ಅವನ ತಲೆಯ ಮೇಲೇ ಇತ್ತು. ಜನ ಗುಹೆಗಳಿಂದ ಇಳಿದು ಬಂದರು. ಅಬ್ದುಲ್ ಹೈ ಬೀಗ ತೆಗೆದ.

“ತಪ್ಪಾಯ್ತು, ಚಿಕ್ಕಮ್ಮ.”

“ನಂಗ್ಯಾಕೆ ಹೇಳ್ತೀಯಾ? ಅವ್ನಿಗೆ ಹೇಳು.”

ಅಲ್ಲಿಂದಾಚೆಗೆ ಅವನನ್ನು ಯಾರೂ ಗೂಢಚಾರ ಎನ್ನಲಿಲ್ಲ. ಯುದ್ಧ ಮುಗಿದು ವರ್ಷಗಳಾದ ಮೇಲೆ ರಷ್ಯಾದಿಂದ ಜನ ಹುಡುಕಿಕೊಂಡು ಬಂದರು. ಶಿಕ್ಷೆಯಿಲ್ಲ, ಮನೆಗೆ ನಡಿ ಎಂದರು. “ಮನೇಲೇ ಇದೀನಲ್ಲ,” ಎಂದು ಅವರಿಗೆ ಚಹಾ ಬಗ್ಗಿಸಿದ.

ಮಾಹ್‌ಗುಲ್ ಮುಪ್ಪಿನಲ್ಲಿ, ನಿದ್ದೆಯಲ್ಲೇ ಹೋದಳು. ಮಣ್ಣಿಗಿಡುವುದು ಮಗನ ಕೆಲಸ; ಆ ಹೊತ್ತಿಗೆ ಬಂಧುಗಳು ತಾವಾಗಿಯೇ ಹಿಂದೆ ಸರಿದು ಗೆನ್ನಾದಿಗೆ ದಾರಿ ಬಿಟ್ಟರು. ಗುಂಡಿಗಿಳಿದು ಅವಳನ್ನು ತೋಳಿಗೆ ತೆಗೆದುಕೊಂಡಾಗ ಅವನು ದಂಗಾಗಿಹೋದ. ಹತ್ತಿಯ ಹಾಗೆ ಹಗುರ. ಇಷ್ಟೇ ಇಷ್ಟು ಮೈಯೇ ಅಂದು ಅವನಿಗೂ ಆಕಾಶಕ್ಕೂ ನಡುವೆ ಕೂತಿದ್ದು!