ಅಗಸೆ ಪುಡಿ ಮತ್ತು ಟ್ರೀಜಾಬಾಯಿಯ ಸಂಶಯ

ಎಣ್ಮಕಜೆ ಊರಿನ ಟ್ರೀಜಾಬಾಯಿ ಯಾವುದನ್ನೂ ಸುಮ್ಮನೆ ನಂಬುವ ಹೆಂಗಸಲ್ಲ. ಹೊಸ ತಿನಿಸು ಮನೆಗೆ ಬಂದರೆ ಮೊದಲು ಹಿತ್ತಲಿನ ಕೋಳಿಗೆ. ಮೂರು ದಿನ ಕೋಳಿ ನೆಟ್ಟಗೆ ಓಡಾಡಿದರೆ ಮಾತ್ರ ಅವರ ಬಾಯಿಗೆ. ನಗುವವರು ನಗಲಿ. ಗೇರುತೋಟದ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕಾಲದಲ್ಲಿ ಅಲ್ಲಿನವರು ಮೊದಲು ಜೇನುಹುಳ ಸತ್ತದ್ದನ್ನು ನೋಡಿದರು, ಮಕ್ಕಳ ಕಾಯಿಲೆಯನ್ನು ಆಮೇಲೆ. ಟ್ರೀಜಾಬಾಯಿಯ ಹಿರಿಮಗ ಗ್ಲ್ಯಾಡ್‌ಸನ್ ಒಂಬತ್ತು ವರ್ಷ ಬದುಕಿದ್ದ, ಒಂದು ದಿನವೂ ನಡೆಯಲಿಲ್ಲ. ಇಂಥವರ ಹತ್ತಿರ ಸಂಶಯ ಬೇಡ ಅಂತ ಹೇಳಲು ಯಾರಿಗೆ ಬಾಯಿ ಉಂಟು?

ಈಗ ಅವರಿಗೆ ಐವತ್ತೈದು. ಮುಟ್ಟು ನಿಂತ ಮೇಲೆ ಹೊಟ್ಟೆ ಹಟ ಹಿಡಿದಿತ್ತು. ನಾಲ್ಕು ದಿನಕ್ಕೊಮ್ಮೆ ಕಕ್ಕಸಿಗೆ ಹೋದರೆ ಅದೇ ದೊಡ್ಡದು. ಸೊಸೆ ಜೋಯ್ಸ್ ಹಿಂದೆ ಬಿದ್ದು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಳು. ಬೇರೆ ತೊಂದರೆ ಇಲ್ಲ ಅಂತ ಡಾಕ್ಟರು ಹೇಳಿದ ಮೇಲೆ ನರ್ಸ್ ತುಂಗಾ ಕೂರಿಸಿ ವಿವರಿಸಿದರು.

"ಈಸ್ಟ್ರೋಜನ್ ಅಂತ ಹೆಂಗಸರ ಹಾರ್ಮೋನು ಉಂಟಲ್ವಾ ಬಾಯಿ, ಅದಕ್ಕೆ ಕರುಳಿನಲ್ಲೂ ಕೆಲಸ ಉಂಟು. ಈ ಪ್ರಾಯದಲ್ಲಿ ಅದು ಕಡಿಮೆಯಾಗ್ತದೆ. ಅಗಸೆ, ಸೋಯಾದಲ್ಲೆಲ್ಲ ಅದನ್ನು ಹೋಲುವ ಅಂಶ ಉಂಟು. ಕರುಳಿನ ಸೂಕ್ಷ್ಮಜೀವಿಗಳು ಅದನ್ನು ಬದಲಾಯಿಸ್ತವೆ. ಎಲ್ಲರಿಗೂ ಒಂದೇ ಹಾಗೆ ಹಿಡಿಯುವುದಿಲ್ಲ, ಇನ್ನೂ ಸಂಶೋಧನೆ ಆಗ್ತಾ ಉಂಟು. ಅಗಸೆಯ ನಾರಂತೂ ಒಳ್ಳೆಯದೇ. ದಿನಕ್ಕೆ ಒಂದು ಚಮಚ ಪುಡಿ, ಜೊತೆಗೆ ಚೆನ್ನಾಗಿ ನೀರು. ನೀರು ಕುಡೀತೀರಲ್ವಾ?"

"ಬೇಕಾದಷ್ಟು," ಅಂದರು ಟ್ರೀಜಾಬಾಯಿ.

ಶುದ್ಧ ಸುಳ್ಳು. ಮನೆಗೆ ನೀರು ಬರುವುದು ಗುಡ್ಡದೊಳಗೆ ಕೊರೆದ ಸುರಂಗದಿಂದ, ಆ ಗುಡ್ಡದ ನೆತ್ತಿಯಲ್ಲೇ ಗೇರುತೋಟ. ನೀರು ಪರೀಕ್ಷೆ ಮಾಡಿ ಸರಿ ಉಂಟು ಅಂತ ಬರೆದುಕೊಟ್ಟು ವರ್ಷಗಳೇ ಆದವು. ಆದರೂ ಅವರ ಗಂಟಲಲ್ಲಿ ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ಇಳಿಯದು, ಅದೂ ಚಾಯ ಅಂತ ಒಂದು, ಗಂಜಿತಿಳಿ ಅಂತ ಇನ್ನೊಂದು.

ಅವರ ತಲೆಯಲ್ಲಿ ಕೂತದ್ದು ಹಾರ್ಮೋನಿನ ಮಾತು. ಎಂಡೋಸಲ್ಫಾನೂ ಹಾರ್ಮೋನಿನ ವೇಷ ಹಾಕಿ ದೇಹದೊಳಗೆ ಆಟ ಆಡ್ತದೆ ಅಂತ ಹಿಂದೆ ಒಂದು ಶಿಬಿರದಲ್ಲಿ ಕೇಳಿದ್ದರು. ಪುಡಿ ಕೋಳಿಗೆ ಹೋಯಿತು. ಕೋಳಿ ಮೂರು ದಿನವೂ ಬಿಡದೆ ಮೊಟ್ಟೆ ಇಟ್ಟಿತು. ಬೇರೆಯವರಾದರೆ ಖುಷಿಪಡುತ್ತಿದ್ದರು. ಇವರು "ಹೆಣ್ಣಿನ ಹಾರ್ಮೋನು ಅಲ್ವಾ, ಮತ್ತೆಂತ!" ಅಂತ ಡಬ್ಬಿಯನ್ನು ಅಟ್ಟಕ್ಕೇರಿಸಿದರು.

ಅತ್ತೆಯ ಸಂಕಟ ನೋಡಲಾಗದೆ ಜೋಯ್ಸ್ ಡಬ್ಬಿ ಇಳಿಸಿ ಪುಡಿಯನ್ನು ಚಪಾತಿ ಹಿಟ್ಟಿಗೆ ಕಲಸಿದಳು. ಹೇಳಲಿಲ್ಲ. ಅದು ಅವಳ ತಪ್ಪೇ, ಎರಡು ಮಾತಿಲ್ಲ. ಐದನೇ ದಿನಕ್ಕೆ ಟ್ರೀಜಾಬಾಯಿಯ ಹೊಟ್ಟೆ ಉಬ್ಬಿ ಕಲ್ಲಾಯಿತು. ಚಪಾತಿ ಮುರಿದು ಬೆಳಕಿಗೆ ಹಿಡಿದರು; ಕಂದು ಚುಕ್ಕೆಗಳು ಕಂಡವು.

"ನನಗೆ ಹೇಳದೆ ನನ್ನ ಹೊಟ್ಟೆಗೆ ಹಾಕಿದಿಯಲ್ಲ, ಜೋಯ್ಸ್. ಆಗ ಹೆಲಿಕಾಪ್ಟರಿನವರು ಮಾಡಿದ್ದೂ ಇದನ್ನೇ. ನಾಳೆಯಿಂದ ನನಗೆ ಬೇರೆ ಒಲೆ."

ಮಗ ಲೆಸ್ಲಿ ಇರುವುದು ಕುವೈತಿನಲ್ಲಿ. ಮನೆಯಲ್ಲಿ ಇವರಿಬ್ಬರು, ಮತ್ತೆ ನಾಲ್ಕು ವರ್ಷದ ಮೊಮ್ಮಗಳು ಸೆಲಿನ್. ಒಂದೇ ಸೂರಿನಡಿ ಎರಡು ಒಲೆ ಉರಿದರೆ ಗಂಡನಿಗೆ ಹೇಳುವುದೇನು, ಮಗುವಿಗೆ ಹೇಳುವುದೇನು? ಆದರೂ ಜೋಯ್ಸ್ ರಿಕ್ಷಾ ಕರೆಸಿ ಅತ್ತೆಯನ್ನು ಮತ್ತೆ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಎನಿಮಾ ಕೊಟ್ಟು ಹೊಟ್ಟೆ ಹಗುರ ಮಾಡಿದರು.

"ಇದು ಹಾರ್ಮೋನಿನ ಕೆಲಸ ಅಲ್ಲ," ಅಂದರು ತುಂಗಾ. "ನೀರಿಲ್ಲದೆ ಅಗಸೆ ತಿಂದರೆ ಒಳಗೆ ಅಂಟಿ ಗಟ್ಟಿಯಾಗ್ತದೆ. ನೀವು ನೀರೇ ಕುಡೀಲಿಲ್ಲ, ಬಾಯಿ."

ಮನೆಗೆ ಬಂದವಳೇ ಜೋಯ್ಸ್ ಒಂದು ಲೋಟ ನೀರು ತಂದಳು. "ಕುಡೀರಿ, ಮಾಯ್." ಅತ್ತೆಯನ್ನು ಅವಳು ಕರೆಯುವುದು ಹಾಗೆ.

"ಆ ನೀರು ನನಗೆ ಬೇಡ."

"ಮತ್ತೆ ದಿನಾ ಬೆಳಿಗ್ಗೆ ಸೆಲಿನ್‌ಗೆ ಅದೇ ನೀರನ್ನು ನಿಮ್ಮ ಕೈಯಾರೆ ಕುಡಿಸ್ತೀರಲ್ಲ. ಯಾವ ಧೈರ್ಯದಲ್ಲಿ?"

ಟ್ರೀಜಾಬಾಯಿ ಬೆಂಚಿನ ಮೇಲೆ ಕೂತರು.

"ಅವಳದ್ದನ್ನು ಎರಡು ಸಲ ಕುದಿಸ್ತೇನೆ. ಆದರೂ ಹೆದರಿಕೆ ಹೋಗುವುದಿಲ್ಲ ಮಗಳೇ. ಗ್ಲ್ಯಾಡ್‌ಸನ್ ಹೊಟ್ಟೆಯಲ್ಲಿದ್ದಾಗ ಇದೇ ಸುರಂಗದ ನೀರನ್ನು ಚೊಂಬುಗಟ್ಟಲೆ ಕುಡಿದವಳು ನಾನು. ಯಾರೂ ಒತ್ತಾಯ ಮಾಡಿದ್ದಲ್ಲ. ಬಾಯಾರಿಕೆ ಆಗ್ತಿತ್ತು, ಕುಡಿದೆ. ನನ್ನ ಮಗುವಿಗೆ ಆ ವಿಷವನ್ನು ಮುಟ್ಟಿಸಿದ್ದು ನಾನೇ."

ಗ್ಲ್ಯಾಡ್‌ಸನ್ ತೀರಿಹೋದ ಮೇಲಿನ ಇಪ್ಪತ್ತೈದು ವರ್ಷದಲ್ಲಿ ಈ ಮಾತನ್ನು ಅವರು ಪಾದ್ರಿಗಳ ಹತ್ತಿರವೂ ಹೇಳಿರಲಿಲ್ಲ.

ಜೋಯ್ಸ್ ಅತ್ತೆಯ ಎದುರಿಗೇ ಲೋಟದ ಅರ್ಧ ನೀರು ಕುಡಿದು ಉಳಿದದ್ದನ್ನು ಚಾಚಿದಳು. ಟ್ರೀಜಾಬಾಯಿ ಆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನಡುನಡುವೆ ನಿಲ್ಲಿಸುತ್ತ, ಅಳುತ್ತಲೇ ಕುಡಿದು ಮುಗಿಸಿದರು.